ಕಾಮಗೆರೆ ದಾರಿಯ ಕೆಂಪು ಮಣಿ

ಬೆಂಗಳೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೊರಟವರಿಗೆ ಕಾಮಗೆರೆ ದಾರಿಯಲ್ಲಿ ಸಿಗೋ ಒಂದು ಊರು, ಅಷ್ಟೇ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಕಾಮಗೆರೆ, ಹನೂರು ಅಂತ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಸುತ್ತ ಹಿಪ್ಪುನೇರಳೆ, ರಾಗಿ, ಮುಸುಕಿನ ಜೋಳ, ದೂರದಲ್ಲಿ ಬೆಟ್ಟಸಾಲು. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರೈವತ್ತು ಕಿಲೋಮೀಟರಿಗಿಂತ ದೂರ. ಇಂಥ ಒಣ ಸೀಮೆಯ ಹೆಸರು ಹಿಡಿದು ಕಡಲ ತಳದ ಒಂದು ಪ್ರಾಣಿಯ ಚರಿತ್ರೆ ಹೇಳ್ತೀನಿ ಅಂದರೆ ನಗಬೇಡಿ. ಆ ಚರಿತ್ರೆಯ ಒಂದು ತುದಿ ನಿಜಕ್ಕೂ ಇಲ್ಲೇ ಇದೆ.

ಹನೂರಿನಲ್ಲಿ ಬೆಟ್ಟದ ರಸ್ತೆ ಬಿಟ್ಟು ಲೊಕ್ಕನಹಳ್ಳಿ ಕಡೆ ಹೋದರೆ ಕಾಡಂಚಿನಲ್ಲಿ ಒಡೆಯರಪಾಳ್ಯ. 1970ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರಿಗಾಗಿ ಕಟ್ಟಿದ ಧೊಂಡೆನ್‌ಲಿಂಗ್ ವಸತಿ ಇರೋದು ಅಲ್ಲಿ. ಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಬಾವುಟಗಳು, 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದ ಜೊಗ್‌ಚೆನ್ ಮಠ. ವೀಕೆಂಡ್ ಟ್ರಿಪ್ ಹೋದವರು ಮಠದ ಮುಂದೆ ಫೋಟೋ ತೆಗೆದುಕೊಂಡು ಬರ್ತಾರೆ. ಮುಂದಿನ ಸಲ ಹೋದರೆ ಇನ್ನೊಂದನ್ನೂ ಗಮನಿಸಿ. ಟಿಬೆಟನ್ನರ ಹೊಸ ವರ್ಷ ಲೋಸಾರ್ ಬಂದಾಗ ಹಿರಿಯ ಹೆಂಗಸರು ಕೊರಳಿಗೆ ಹಾಕಿಕೊಳ್ಳುವ ಸರದಲ್ಲಿ ನೀಲಿ ವೈಡೂರ್ಯದಂಥ ಕಲ್ಲುಗಳ ಪಕ್ಕ ಕೆಂಪಗೆ, ದಪ್ಪಗೆ ಮಣಿಗಳಿರುತ್ತವೆ. ಅದು ಹವಳ.

ಟಿಬೆಟ್‌ಗೆ ಸಮುದ್ರವೇ ಇಲ್ಲ. ಒಡೆಯರಪಾಳ್ಯಕ್ಕೂ ಇಲ್ಲ. ಹಾಗಾದರೆ ಆ ಮಣಿ ಬಂದದ್ದು ಎಲ್ಲಿಂದ?

ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. ಇಟಲಿ, ಸಾರ್ಡೀನಿಯಾ, ಟ್ಯುನೀಶಿಯಾ, ಅಲ್ಜೀರಿಯಾಗಳ ಕರಾವಳಿಯ ಅಡಿಯಲ್ಲಿ ಬೆಳೆಯುವ ಒಂದು ಜೀವಿಯಿಂದ. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ಕೊರಾಲಿಯಮ್ ರುಬ್ರಮ್. ಹವಳ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಅಂಡಮಾನಿನ ಫೋಟೋ, ಇಲ್ಲಾ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸ್ಕೂಬಾ ವೀಡಿಯೋ. ಬೆಚ್ಚಗಿನ ನೀಲಿ ನೀರು, ಬಿಸಿಲು, ಬಣ್ಣಬಣ್ಣದ ಮೀನು. ಆ ದಿಬ್ಬ ಕಟ್ಟುವ ಹವಳಗಳು ಬೇರೆ ಬಳಗ. ಅವುಗಳ ಮೈಯೊಳಗೆ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ಮಾಡುತ್ತದೆ, ಹವಳ ಅದನ್ನು ಹಂಚಿಕೊಂಡು ತಿನ್ನುತ್ತದೆ. ನಮ್ಮ ಕೆಂಪು ಹವಳದ ಮೈಯಲ್ಲಿ ಅಂಥ ಪಾಚಿ ಇಲ್ಲ. ಅದು ಮೆದು ಹವಳಗಳ ಹತ್ತಿರದ ನೆಂಟ. ಪ್ರತಿ ಪುಟ್ಟ ಜೀವಿಗೂ ಎಂಟೇ ತೋಳು, ಬಿಳಿ ಹೂವಿನ ಹಾಗೆ. ಮೆದು ಮೈ, ಒಳಗೆ ಮಾತ್ರ ಗಟ್ಟಿ ಕೆಂಪು ಕಡ್ಡಿ. ಸಾವಿರಾರು ಜೀವಿಗಳು ಒಂದೇ ಕಡ್ಡಿಗೆ ಅಂಟಿಕೊಂಡು, ನೀರಿನಲ್ಲಿ ತೇಲಿ ಬರುವ ಚೂರುಪಾರನ್ನು ಹಿಡಿದು ತಿಂದು ಬದುಕುತ್ತವೆ. ನಾವು ಮಣಿ ಮಾಡೋದು ಆ ಕಡ್ಡಿಯನ್ನ.

ಅದಕ್ಕೆ ಬಿಸಿಲು ಬೇಡ. ಕಡಲಡಿಯ ಗುಹೆಗಳ ಚಾವಣಿ, ಬಂಡೆಯ ಸಂದಿ, ಕತ್ತಲು ಕವಿದ ಇಳಿಜಾರು ಅದರ ಮನೆ. ಹತ್ತಾರು ಮೀಟರ್ ಆಳದಿಂದ ಶುರುವಾಗಿ ಸಾವಿರ ಮೀಟರಿನ ಆಸುಪಾಸಿನವರೆಗೂ ಅದು ಸಿಕ್ಕಿದೆ. ಮೆಡಿಟರೇನಿಯನ್ನಿನ ಆಳದ ನೀರು ವರ್ಷವಿಡೀ ಸುಮಾರು 13 ಡಿಗ್ರಿ, ಅಂದರೆ ಬೆಂಗಳೂರಿನ ಜನವರಿ ಬೆಳಗಿನ ಚಳಿಗಿಂತ ಒಂದು ಕೈ ಮೇಲೆ. ಆ ಚಳಿಯಲ್ಲಿ, ಆ ಕತ್ತಲಲ್ಲಿ, ಅದಕ್ಕೆ ಯಾವ ಅವಸರವೂ ಇಲ್ಲ. ಬುಡದ ದಪ್ಪ ವರ್ಷಕ್ಕೆ ಹೆಚ್ಚುವುದು ಮಿಲಿಮೀಟರಿನ ಕಾಲು ಭಾಗದಷ್ಟು.

ಈ ಲೆಕ್ಕವನ್ನು ಕೊಳ್ಳೇಗಾಲದವರ ಹತ್ತಿರ ಹೇಳಿದರೆ ಬೇಗ ಅರ್ಥವಾಗುತ್ತೆ, ಯಾಕಂದ್ರೆ ಅದು ರೇಷ್ಮೆಯ ಊರು. ಒಂದು ಪ್ರಾಣಿಯ ಮೈಯಿಂದ ಬಂದದ್ದನ್ನ ನಾವು ಸಿಂಗಾರಕ್ಕೆ ತೊಡುತ್ತೇವೆ ಅನ್ನೋದು ಅಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ರೇಷ್ಮೆ ಹುಳು ಸೊಪ್ಪು ತಿಂದು ಹಣ್ಣಾಗಿ ಗೂಡು ಕಟ್ಟೋಕೆ ಒಂದು ತಿಂಗಳು ಸಾಕು. ಬೆಳೆ ಕೈಕೊಟ್ಟರೆ ಮುಂದಿನ ತಿಂಗಳು ಮತ್ತೆ ಚಾಕಿ ಕಟ್ಟಬಹುದು. ಹದಿನೈದು ಮಿಲಿಮೀಟರ್ ದಪ್ಪದ ಒಂದು ಹವಳದ ಮಣಿಗೆ? ನೀವೇ ಭಾಗಿಸಿ ನೋಡಿ. ಅರವತ್ತು ವರ್ಷ. ಅದೂ ಉಜ್ಜಿ, ಕೊರೆದು ಹೋದ ಭಾಗ ಬಿಟ್ಟು.

*

ಹವಳ ಅನ್ನೋ ಪದ ಕೇಳೋಕೆ ಅಚ್ಚಗನ್ನಡದ ಹಾಗಿದೆ. ಮೂಲ ಸಂಸ್ಕೃತದ ಪ್ರವಾಳ, ಪ್ರಾಕೃತದಲ್ಲಿ ಸವೆದು, ಹಳಗನ್ನಡದಲ್ಲಿ ಪವಳವಾಗಿ, ಪಾಲು ಹಾಲಾದ ಹಾಗೆ ಪವಳವೂ ಹವಳವಾಯಿತು. ತಮಿಳರು ಈಗಲೂ ಪವಳಂ ಅಂತಾರೆ. ಪದಕ್ಕೆ ಇಷ್ಟು ವಯಸ್ಸಾಗಿದೆ ಅಂದರೆ ವಸ್ತುವಿಗೂ ಆಗಿರಲೇಬೇಕು, ಅಲ್ವಾ?

ಆಗಿದೆ. ಕ್ರಿ.ಶ. ಮೊದಲ ಶತಮಾನದಲ್ಲಿ ಈಜಿಪ್ಟಿನ ಕಡೆಯ ಒಬ್ಬ ಗ್ರೀಕ್ ವ್ಯಾಪಾರಿ ಹಿಂದೂ ಮಹಾಸಾಗರದ ಬಂದರುಗಳಿಗೆ ಕೈಪಿಡಿಯೊಂದನ್ನು ಬರೆದ. ಅದೇ ಪೆರಿಪ್ಲಸ್. ಯಾವ ಬಂದರಿನಲ್ಲಿ ಏನು ಮಾರಬಹುದು, ಏನು ಕೊಳ್ಳಬಹುದು ಅನ್ನುವ ಪಟ್ಟಿ ಅದರಲ್ಲಿದೆ. ಸಿಂಧೂ ಮುಖದ ಬಂದರು, ಗುಜರಾತಿನ ಭರೂಚ್, ಕೇರಳದ ಮುಜಿರಿಸ್ ಮೂರರಲ್ಲೂ ಆಮದಾಗುವ ಸರಕಿನಲ್ಲಿ ಹವಳ ಇದೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಇನ್ನೂ ಸ್ವಾರಸ್ಯದ ಮಾತು ಹೇಳುತ್ತಾನೆ: ನಮಗೆ ಇಂಡಿಯಾದ ಮುತ್ತು ಎಷ್ಟು ಹೆಚ್ಚೋ ಅವರಿಗೆ ನಮ್ಮ ಹವಳ ಅಷ್ಟೇ ಹೆಚ್ಚು. ಹಿಂದೆ ಗಾಲ್ ಜನ ಕತ್ತಿ, ಗುರಾಣಿ, ಶಿರಸ್ತ್ರಾಣಗಳಿಗೆಲ್ಲ ಹವಳ ಕೂರಿಸುತ್ತಿದ್ದರಂತೆ. ಈಗ ರಫ್ತಿನ ಬೆಲೆ ಎಷ್ಟು ಏರಿದೆ ಅಂದರೆ, ಹವಳ ಹುಟ್ಟುವ ಜಾಗದಲ್ಲೇ ಅದು ಕಾಣಸಿಗುವುದು ಅಪರೂಪ ಅಂತ ಅವನ ದೂರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸ್ಕೂಬಾ ಇಲ್ಲದ, ಎಂಜಿನ್ ಇಲ್ಲದ ಕಾಲ. ಆಗಲೇ ಸಾವಿರಾರು ಮೈಲಿ ಆಚೆಯ ಕೊಳ್ಳುಗರು ಒಂದು ಸಮುದ್ರದ ಅಡಿಯನ್ನು ಬರಿದು ಮಾಡುತ್ತಿದ್ದರು. ಕೊಳ್ಳುತ್ತಿದ್ದವರು ನಾವು. ‘ಗ್ಲೋಬಲ್ ಸಪ್ಲೈ ಚೈನ್’ ಅನ್ನೋದು ನಮ್ಮ ಐ.ಟಿ. ಪಾರ್ಕುಗಳ ಕಾಲದ ಮಾತು ಅಂದುಕೊಂಡಿದ್ದರೆ ಎರಡು ಸಾವಿರ ವರ್ಷ ತಡವಾಯಿತು.

ಮುಂದಿನ ಸಾಕ್ಷಿಗೆ ನಮ್ಮ ಮಂಗಳೂರಿಗೇ ಬರೋಣ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಟ್ಯುನೀಶಿಯಾದಿಂದ ಏಡನ್ ಮೂಲಕ ಬಂದು ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡು, ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪುಸ್ತಕದಿಂದ ಲೋಕಕ್ಕೆಲ್ಲ ಗೊತ್ತಾದವು. ಆ ಕೋಣೆಯಲ್ಲಿ ಸಿಕ್ಕ ಭಾರತ ವ್ಯಾಪಾರದ ಕಾಗದಗಳಲ್ಲಿ ಈ ಕಡೆಯಿಂದ ಹೋಗುವ ಸರಕು ಮೆಣಸು, ಕಬ್ಬಿಣ, ಅಡಕೆ. ಆ ಕಡೆಯಿಂದ ಬರುವ ಸರಕಿನಲ್ಲಿ ಹವಳ. ಬೆನ್ ಯಿಜು ಹುಟ್ಟಿದ ಟ್ಯುನೀಶಿಯಾದ ಕಡಲೇ ಹವಳದ ತವರುಗಳಲ್ಲೊಂದು ಅನ್ನೋದು ಬೇರೆ ಮಾತು.

16ನೇ ಶತಮಾನದ ಶುರುವಿನಲ್ಲಿ ಪೋರ್ಚುಗೀಸರ ದುವಾರ್ತೆ ಬಾರ್ಬೋಸಾ ವಿಜಯನಗರಕ್ಕೆ ಬರುವ ಸರಕುಗಳನ್ನು ಎಣಿಸುವಾಗ ಪಾದರಸ, ಕೇಸರಿ, ಪನ್ನೀರು, ಕರ್ಪೂರಗಳ ಜೊತೆ ಹವಳವನ್ನೂ ಬರೆದಿದ್ದಾನೆ. ನವರತ್ನಗಳಲ್ಲಿ ಒಂಬತ್ತನ್ನೂ ತುಂಬಬೇಕಾದರೆ ಹಂಪಿಯ ಅಕ್ಕಸಾಲಿಗನಿಗೆ ವಜ್ರ ಆಸುಪಾಸಿನಲ್ಲೇ ಸಿಗುತ್ತಿತ್ತು, ಹವಳಕ್ಕೆ ಮಾತ್ರ ಅರ್ಧ ಭೂಮಿ ದಾಟಬೇಕಿತ್ತು.

ಆಮೇಲೆ ಈ ಎರಡೂ ಒಂದಕ್ಕೊಂದು ಬೆಲೆಯಾದವು. ಯುರೋಪಿನವರಿಗೆ ನಮ್ಮಿಂದ ಬೇಕಾದದ್ದು ನೂರಾರು. ಅವರ ಹತ್ತಿರ ನಮಗೆ ಬೇಕಾದದ್ದು ಬೆಳ್ಳಿ ಬಿಟ್ಟರೆ ಬಹಳ ಕಡಿಮೆ. ಆ ಕಡಿಮೆಯಲ್ಲಿ ಹವಳ ಒಂದು. 18ನೇ ಶತಮಾನದ ಮೊದಲರ್ಧದಲ್ಲಿ ಇಟಲಿಯ ಲಿವೋರ್ನೋ ಬಂದರಿನ ಎರ್ಗಾಸ್ ಮತ್ತು ಸಿಲ್ವೇರಾ ಎಂಬ ಯಹೂದಿ ವ್ಯಾಪಾರಿ ಕೂಟ ಹವಳವನ್ನು ಲಿಸ್ಬನ್ ದಾರಿಯಾಗಿ ಗೋವಾಕ್ಕೆ ಕಳಿಸುತ್ತಿತ್ತು. ಅಲ್ಲಿ ಅದನ್ನು ಮಾರಿ ವಜ್ರ ಕೊಂಡು ವಾಪಸ್ ಕಳಿಸುತ್ತಿದ್ದವರು ಸಾರಸ್ವತ ವರ್ತಕರು, ಅವರಲ್ಲಿ ಕಾಮತ್ ಮನೆತನದವರು ಮುಖ್ಯರು. ಫ್ರಾಂಚೆಸ್ಕಾ ತ್ರಿವೆಲ್ಲಾತೋ ಎಂಬ ಇತಿಹಾಸಕಾರ್ತಿ 2009ರಲ್ಲಿ ಈ ಪತ್ರಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಧರ್ಮ ಬೇರೆ, ಭಾಷೆ ಬೇರೆ, ಮೋಸವಾದರೆ ಓಡಿಹೋಗೋಕೆ ಒಂದು ಕೋರ್ಟೂ ಇಲ್ಲ. ಪೋರ್ಚುಗೀಸಿನಲ್ಲಿ ಕಾಗದ ಬರೆದು, ಉತ್ತರಕ್ಕೆ ವರ್ಷಗಟ್ಟಲೆ ಕಾದು, ಮಾತಿನ ಮೇಲೆ ವ್ಯವಹಾರ ನಡೆಸಿದರು. ಇತ್ತ ಲಂಡನ್ನಿನ ವ್ಯಾಪಾರಿಗಳು ಅದೇ ಹವಳವನ್ನು ಮದರಾಸಿಗೆ ಹಡಗೇರಿಸಿ ಅದೇ ರೀತಿ ವಜ್ರ ತರಿಸುತ್ತಿದ್ದರು.

ಈ ಹವಳದಲ್ಲಿ ಒಂದು ಪಾಲು ಗಂಗೆಯ ಬಯಲು ದಾಟಿ ಹಿಮಾಲಯ ಹತ್ತುತ್ತಿತ್ತು. 13ನೇ ಶತಮಾನದಲ್ಲೇ ಮಾರ್ಕೊ ಪೋಲೊ ಬರೆದಿದ್ದಾನೆ: ಟಿಬೆಟ್ಟಿನಲ್ಲಿ ಹವಳಕ್ಕೆ ಭಾರೀ ಬೆಲೆ, ಅದನ್ನು ತಮ್ಮ ಹೆಂಗಸರ ಕೊರಳಿಗೂ ದೇವರ ವಿಗ್ರಹದ ಕೊರಳಿಗೂ ಹಾಕಿ ಸಂತೋಷಪಡುತ್ತಾರೆ. ನಾಲ್ಕು ಶತಮಾನ ಕಳೆದು ವಜ್ರದ ವ್ಯಾಪಾರಿ ತಾವೆರ್ನಿಯೇ ಭೂತಾನ, ಅಸ್ಸಾಮಿನ ಬೆಟ್ಟದ ಜನರ ಹವಳದ ಮೋಹದ ಬಗ್ಗೆ ಬರೆದ. ಸಮುದ್ರದಿಂದ ದೂರ ಹೋದಷ್ಟೂ ಹವಳಕ್ಕೆ ಮರ್ಯಾದೆ ಹೆಚ್ಚು. ಹುಟ್ಟಿದ ಊರಿನಲ್ಲಿ ಅದು ಮೀನುಗಾರನ ಕೂಲಿ, ಲ್ಹಾಸಾದಲ್ಲಿ ದೇವರ ಒಡವೆ.

*

ಮೀನುಗಾರನ ಕೂಲಿ ಅಂದೆನಲ್ಲ, ಆ ಕಡೆ ಸ್ವಲ್ಪ ನೋಡೋಣ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋರು ಅವರೇ.

ಟ್ಯುನೀಶಿಯಾದ ದಡಕ್ಕೆ ಅಂಟಿದ ಹಾಗೆ ತಬಾರ್ಕಾ ಎಂಬ ಪುಟ್ಟ ದ್ವೀಪವಿದೆ. 1540ರ ದಶಕದಿಂದ ಜಿನೋವಾದ ಲೊಮೆಲ್ಲಿನಿ ಮನೆತನ ಅಲ್ಲಿ ಮೀನುಗಾರರ ಕುಟುಂಬಗಳನ್ನು ಕೂರಿಸಿ ಎರಡು ಶತಮಾನ ಹವಳ ತೆಗೆಸಿತು. ಹವಳ ಕಡಿಮೆಯಾಗುತ್ತಾ ಬಂದಾಗ 1738ರಲ್ಲಿ ಒಂದಷ್ಟು ಜನ ಸಾರ್ಡೀನಿಯಾದ ಪಕ್ಕದ ದ್ವೀಪಕ್ಕೆ ವಲಸೆ ಹೋಗಿ ಕಾರ್ಲೋಫೋರ್ತೆ ಎಂಬ ಊರು ಕಟ್ಟಿದರು. ಉಳಿದವರನ್ನು 1741ರಲ್ಲಿ ಟ್ಯುನಿಸ್ಸಿನ ಸೇನೆ ಹಿಡಿದು ಗುಲಾಮರನ್ನಾಗಿ ಒಯ್ದಿತು.

ಅವರ ಸಾಧನ ಸರಳ. ಎರಡು ಮರದ ದಿಮ್ಮಿಗಳನ್ನು ಅಡ್ಡಡ್ಡ ಕಟ್ಟಿ, ನಡುವೆ ಭಾರ, ತುದಿಗಳಿಗೆ ಬಲೆಯ ಕುಚ್ಚು. ಇದನ್ನು ದೋಣಿಯಿಂದ ಇಳಿಬಿಟ್ಟು ತಳದ ಬಂಡೆಗಳ ಮೇಲೆ ಎಳೆದಾಡಿದರೆ ಹವಳ ಮುರಿದು ಬಲೆಗೆ ಸಿಕ್ಕಿಕೊಳ್ಳುತ್ತದೆ. ಮುರಿದದ್ದರಲ್ಲಿ ಸಿಕ್ಕದ್ದು ಒಂದಷ್ಟು, ಕೆಳಗೇ ಬಿದ್ದು ಸತ್ತದ್ದು ಬೇಕಾದಷ್ಟು. ಸಂತ ಆಂಡ್ರೂವಿನ ಶಿಲುಬೆ ಅಂತ ಇದಕ್ಕೆ ಹೆಸರು. ಯುರೋಪಿಯನ್ ಒಕ್ಕೂಟ ಇದನ್ನು ನಿಷೇಧಿಸಿದ್ದು 1994ರಲ್ಲಿ!

ಇಷ್ಟೆಲ್ಲ ವ್ಯಾಪಾರ ನಡೆಯುವಾಗ ಹವಳ ಏನು ಅಂತ ಯಾರಿಗಾದರೂ ಗೊತ್ತಿತ್ತಾ? ಇಲ್ಲ. ನೀರಿನಲ್ಲಿರುವಾಗ ಮೆತ್ತಗಿನ ಗಿಡ, ಗಾಳಿಗೆ ಬಂದರೆ ಕಲ್ಲಾಗುತ್ತದೆ ಅಂತ ಗ್ರೀಕರ ಕಾಲದಿಂದ ನಂಬಿಕೆ. ನಮ್ಮಲ್ಲಿ ಅದು ರತ್ನ, ಅಲ್ಲಿ ಅದು ಗಿಡ. 1720ರ ದಶಕದಲ್ಲಿ ಮಾರ್ಸೇಯ ವೈದ್ಯ ಪೈಸೊನೆಲ್ ಉತ್ತರ ಆಫ್ರಿಕಾದ ಕಡಲಿನಲ್ಲಿ ಆಗ ತಾನೇ ತೆಗೆದ ಹವಳವನ್ನು ನೀರಿನಲ್ಲಿಟ್ಟು ನೋಡುತ್ತಾ ಕೂತ. ಹೂವು ಅಂತ ಎಲ್ಲರೂ ಕರೆಯುತ್ತಿದ್ದದ್ದು ಅರಳುತ್ತದೆ, ಮುಟ್ಟಿದರೆ ಮುದುಡುತ್ತದೆ. ಇದು ಹೂವಲ್ಲ, ಪ್ರಾಣಿ ಅಂದ. ಪ್ಯಾರಿಸ್ಸಿನ ಅಕಾಡೆಮಿಯ ದೊಡ್ಡ ವಿಜ್ಞಾನಿ ರೆಯೋಮ್ಯೂರ್ 1727ರಲ್ಲಿ ಆ ವಾದವನ್ನು ಸಭೆಯ ಮುಂದಿಟ್ಟರೂ ಪೈಸೊನೆಲ್ ಹೆಸರು ಹೇಳಲಿಲ್ಲ. ಇಂಥ ಮಾತಿಗೆ ಆತ ನಗೆಪಾಟಲಾಗುವುದು ಬೇಡ ಅಂತ! ಸುಮಾರು ಹದಿನೈದು ವರ್ಷದ ಮೇಲೆ ತಾನೇ ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಪೈಸೊನೆಲ್ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪಕ್ಕೆ ಹೋಗಿಯಾಗಿತ್ತು.

ಪ್ರಾಣಿ ಅಂತ ಗೊತ್ತಾದ ಮೇಲೆ ಕರುಣೆ ಬಂತಾ? ವ್ಯಾಪಾರ ಇನ್ನೂ ಚುರುಕಾಯಿತು. ನೇಪಲ್ಸ್ ಹತ್ತಿರದ ಟೊರ್ರೆ ದೆಲ್ ಗ್ರೆಕೊ ಹವಳದ ರಾಜಧಾನಿಯಾಯಿತು. ಪ್ಲಿನಿಯನ್ನು ಕ್ರಿ.ಶ. 79ರಲ್ಲಿ ಬಲಿ ತೆಗೆದುಕೊಂಡ ವೆಸೂವಿಯಸ್ ಜ್ವಾಲಾಮುಖಿಯ ಬುಡದಲ್ಲೇ ಇರುವ ಊರದು. 1790ರಲ್ಲಿ ಅಲ್ಲಿನ ರಾಜ ಹವಳ ಮೀನುಗಾರಿಕೆಗೆಂದೇ ಕಾನೂನು ಬರೆಸಿದ. 1875, 1878, 1880ರಲ್ಲಿ ಸಿಸಿಲಿಯ ಷಾಕ್ಕಾ ಊರಿನಾಚೆ ಸತ್ತ ಹವಳದ ಮೂರು ದೊಡ್ಡ ರಾಶಿಗಳು ಸಿಕ್ಕಾಗ ನೂರಾರು ದೋಣಿಗಳು ಮುಗಿಬಿದ್ದವು. ಎಷ್ಟು ಬಾಚಿದರು ಅಂದರೆ ಮಾರುಕಟ್ಟೆಯಲ್ಲಿ ಹವಳದ ಬೆಲೆಯೇ ಕುಸಿಯಿತು. ಅಲ್ಲಿ ಉಜ್ಜಿ ಪೋಣಿಸಿದ ಮಣಿಗಳು ಕಲ್ಕತ್ತಾ ಬಂದರಿನಲ್ಲಿ ಇಳಿದು ಬೆಟ್ಟ ಹತ್ತುತ್ತಿದ್ದವು.

20ನೇ ಶತಮಾನದ ನಡುವಿನಲ್ಲಿ ಸ್ಕೂಬಾ ಬಂತು. ಬಲೆ ತಲುಪದ ಗುಹೆಗೂ ಈಗ ಮನುಷ್ಯನ ಕೈ ತಲುಪಿತು. ಮೇಲಿನ ನೀರಿನಲ್ಲಿ ದೊಡ್ಡ ಹವಳ ಸಿಗೋದೇ ನಿಂತ ಮೇಲೆ ನಿಯಮಗಳು ಬಂದವು. ಮೆಡಿಟರೇನಿಯನ್ ಮೀನುಗಾರಿಕಾ ಆಯೋಗ 2011ರಲ್ಲಿ 50 ಮೀಟರಿಗಿಂತ ಕಡಿಮೆ ಆಳದಲ್ಲಿ ತೆಗೆಯಬಾರದು ಅಂದಿತು. ಮರುವರ್ಷ ಬುಡ ಕನಿಷ್ಠ 7 ಮಿ.ಮೀ. ದಪ್ಪ ಇರಲೇಬೇಕು ಅಂದಿತು. 7 ಮಿ.ಮೀ. ಅಂದರೆ ಹೆಚ್ಚೂಕಡಿಮೆ ಇಪ್ಪತ್ತೆಂಟು ವರ್ಷ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಈ ಹವಳಗಳನ್ನು ಸೇರಿಸುವ ಪ್ರಸ್ತಾಪ 2007ರಲ್ಲೂ 2010ರಲ್ಲೂ ಬಿದ್ದುಹೋಯಿತು.

ಕೈಗೆ ಕಡಿವಾಣ ಹಾಕಬಹುದು, ನೀರಿನ ಬಿಸಿಗೆ? 1999ರ ಬೇಸಿಗೆಯ ಕೊನೆಯಲ್ಲಿ ಫ್ರಾನ್ಸ್, ಇಟಲಿ ತೀರದ ಮೇಲುನೀರಿನ ಬಿಸಿ ಎಂದಿಗಿಂತ ಮೇಲೇರಿ, ಹತ್ತಾರು ಮೀಟರ್ ಆಳದ ತನಕ ಕೆಂಪು ಹವಳ ಮತ್ತು ಅದರ ನೆಂಟ ಜೀವಿಗಳು ಗುಂಪುಗುಂಪಾಗಿ ಸತ್ತವು. 2003ರಲ್ಲಿ ಮತ್ತೆ ಅದೇ. ಚಳಿಯನ್ನೇ ಮನೆ ಮಾಡಿಕೊಂಡ ಪ್ರಾಣಿಗೆ ಓಡೋಕೆ ಕಾಲಿಲ್ಲ. ವರ್ಷಕ್ಕೆ ಕಾಲು ಮಿಲಿಮೀಟರ್ ಬೆಳೆಯೋದು ನಾಲ್ಕು ವರ್ಷದಲ್ಲಿ ಎರಡು ಸಲ ಸತ್ತರೆ ಚೇತರಿಸಿಕೊಳ್ಳೋದು ಯಾವಾಗ?

*

ಈಗ ಒಡೆಯರಪಾಳ್ಯದ ಮಣಿಗೆ ವಾಪಸ್ ಬರೋಣ.

1959ರ ನಂತರ ಟಿಬೆಟ್ ಬಿಟ್ಟು ಹಿಮಾಲಯ ದಾಟಿ ಬಂದವರು ಹೊಲ ಹೊತ್ತು ತರಲಾರರು, ಮನೆ ತರಲಾರರು. ತಂದದ್ದು ಮೈಮೇಲಿದ್ದದ್ದು. ಎಷ್ಟೋ ಕುಟುಂಬಗಳು ಒಡವೆಗಳನ್ನು ಒಂದೊಂದಾಗಿ ಮಾರಿ ಗಡಿಯ ಊರುಗಳಲ್ಲಿ ದಿನ ದೂಡಿದವು. ಆಗಿನ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಬೈಲಕುಪ್ಪೆಯಲ್ಲಿ ಜಾಗ ಕೊಟ್ಟರು. ಆಮೇಲೆ ಮುಂಡಗೋಡು, ಹುಣಸೂರು, ಕೊನೆಗೆ ನಮ್ಮ ಕೊಳ್ಳೇಗಾಲದ ಕಾಡಂಚು. ಟಿಬೆಟ್ಟಿನ ಚಳಿಯಿಂದ ಬಂದವರು ಆನೆ ಓಡಾಡುವ ಈ ಬಿಸಿಲು ಸೀಮೆಯಲ್ಲಿ ಜೋಳ ಬಿತ್ತುವುದನ್ನು ಕಲಿತರು. ಇಷ್ಟೆಲ್ಲ ದಾಟಿಯೂ ಮಾರದೆ ಉಳಿದ ಮಣಿಗಳು ಇವತ್ತು ಕೊರಳಲ್ಲಿವೆ. ಅವು ಬರೀ ಸಿಂಗಾರ ಅಲ್ಲ. ಬ್ಯಾಂಕು, ವಂಶಾವಳಿ, ಊರಿನ ನೆನಪು ಎಲ್ಲ ಅವೇ. ಅಜ್ಜಿಯ ಅಜ್ಜಿಯ ಕಾಲದ ಒಂದು ಮಣಿ ಸಾರ್ಡೀನಿಯಾದ ಕತ್ತಲಲ್ಲಿ ಅರವತ್ತು ವರ್ಷ ಬೆಳೆದು, ಲಿವೋರ್ನೋ, ಗೋವಾ ಅಥವಾ ಕಲ್ಕತ್ತಾ ಕಂಡು, ಟಿಬೆಟ್ ಹತ್ತಿ, ಮತ್ತೆ ಇಳಿದು, ಕಾಮಗೆರೆ ದಾರಿಯಲ್ಲಿ ಬಂದು ನೆಲೆ ನಿಂತಿರಬಹುದು. ಮೆಡಿಟರೇನಿಯನ್ನಿನ ಮೇಲುನೀರಿನಲ್ಲಿ ಈಗ ಅಷ್ಟು ದಪ್ಪದ ಹವಳ ಸಿಗೋದೇ ಅಪರೂಪ. ಹಾಗಾಗಿ ಆ ಸಮುದ್ರದ ಹಳೆಯ ಕಾಡಿನ ಚೂರುಗಳು ಇರೋದು ಇಂಥ ಕೊರಳುಗಳಲ್ಲಿ.

2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ ತಮ್ಮ ಜನಕ್ಕೆ ಕಾಡುಪ್ರಾಣಿಗಳ ಚರ್ಮ ತೊಡೋದು ಬಿಡಿ ಅಂದರು. ಕೆಲವೇ ವಾರಗಳಲ್ಲಿ ಟಿಬೆಟ್ಟಿನಲ್ಲಿ ಜನ ಹುಲಿ, ಚಿರತೆ, ನೀರುನಾಯಿ ಚರ್ಮಗಳನ್ನು ರಾಶಿ ಹಾಕಿ ಸುಟ್ಟರು. ಚರ್ಮ ಪ್ರಾಣಿಯದು ಅಂತ ಎಲ್ಲರಿಗೂ ಗೊತ್ತು. ಹವಳ ಪ್ರಾಣಿಯದು ಅಂತ ಯಾರಿಗೂ ಅನ್ನಿಸೋದೇ ಇಲ್ಲ, ಪೈಸೊನೆಲ್ ಹೇಳಿ ಮುನ್ನೂರು ವರ್ಷವಾದರೂ.

ಇದು ಟಿಬೆಟನ್ನರಿಗೆ ಹೇಳೋ ಬುದ್ಧಿಮಾತಲ್ಲ. ಅವರ ಹತ್ತಿರ ಇರೋದು ಬಹುಪಾಲು ಹಳೆಯದು, ಪೀಳಿಗೆಯಿಂದ ಪೀಳಿಗೆಗೆ ಬಂದದ್ದು. ಮಾತು ನಮಗೆ. ನಮ್ಮ ಕಡಲಿನ ಹವಳದ ದಿಬ್ಬ ಮುಟ್ಟಿದರೆ ವನ್ಯಜೀವಿ ಕಾಯ್ದೆ ಇದೆ, ನೇತ್ರಾಣಿಯಲ್ಲಿ ಯಾರಾದರೂ ಹವಳ ಮುರಿಯೋ ವೀಡಿಯೋ ಹಾಕಿದರೆ ಇನ್‌ಸ್ಟಾಗ್ರಾಮಿನಲ್ಲಿ ಹಿಡಿದು ಬೈಯ್ತೀವಿ. ಅದೇ ವಾರ ಜಾತಕದಲ್ಲಿ ಕುಜ ಸರಿಯಿಲ್ಲ, ಮದುವೆ ತಡವಾಗ್ತಿದೆ, ಪ್ರಮೋಷನ್ ನಿಂತಿದೆ ಅಂತ ಮನೆಯವರು ಹೇಳಿದರೆ ಆಭರಣದ ಅಂಗಡಿಗೆ ಹೋಗಿ ‘ಒರಿಜಿನಲ್ ಇಟಾಲಿಯನ್’ ಹವಳವೇ ಬೇಕು ಅಂತ ಕೇಳ್ತೀವಿ. ಉಂಗುರ ಬೆರಳಿಗೆ ಹೊಸದೇ ಬೇಕು, ಕಲೆ ಇರಬಾರದು, ಬಣ್ಣ ಎತ್ತಿನ ರಕ್ತದ ಹಾಗೆ ಇರಬೇಕು. ಪ್ಲಿನಿ ದೂರಿದ್ದು ನಮ್ಮ ಮುತ್ತಜ್ಜಂದಿರ ಬಗ್ಗೆ. ಗಿರಾಕಿ ಬದಲಾಗಿಲ್ಲ.

ಉಂಗುರ ಹಾಕಿಕೊಳ್ಳಬೇಡಿ ಅನ್ನೋಕೆ ನಾನು ಯಾರು? ನಂಬಿಕೆ ಅವರವರದು. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕರಿಮಣಿ ಸರದ ನಡುವೆ ಎರಡು ಹವಳ ಇರುತ್ತವೆ, ಬೀರುವಿನ ಡಬ್ಬಿಯಲ್ಲಿ ಯಾರೂ ಹಾಕಿಕೊಳ್ಳದೆ ಬಿದ್ದಿರುತ್ತವೆ. ಕುಜನಿಗೆ ಹೊಸ ಹವಳವೇ ಆಗಬೇಕು ಅಂತ ಯಾವ ಜೋಯಿಸರಾದರೂ ಹಟ ಹಿಡಿದರೆ ಈ ಲೆಕ್ಕ ಹೇಳಿ: ಆ ಎರಡು ಮಣಿ ಬೆಳೆಯೋಕೆ ನಮ್ಮಜ್ಜಿಯ ಆಯಸ್ಸಿನಷ್ಟು ಕಾಲ ಬೇಕಾಗಿತ್ತು, ಮತ್ತೆ ಅಷ್ಟೇ ಕಾಲ ಕಾಯೋಕೆ ತಣ್ಣಗಿನ ಸಮುದ್ರ ಉಳಿದಿರಬೇಕು. ಅಜ್ಜಿಯದನ್ನೇ ಉಂಗುರಕ್ಕೆ ಕೂರಿಸಿಕೊಳ್ಳಿ. ಒಡೆಯರಪಾಳ್ಯದವರು ಮಾಡೋದೂ ಅದನ್ನೇ.